ಕರ್ನಲ್ ಸಾಹೇಬರ ಎರಡು ತಾಸು

ರಾಷ್ಟ್ರಪತಿ ಚುನಾವಣೆಯಲ್ಲಿ ಮತ ಹಾಕುವ ಮುಂಚೆ ತಲೆಗೆ ಟೊಪ್ಪಿಗೆ ಹಾಕಿಕೊಂಡು, ಉಮೇದುವಾರನ ಬದುಕಿನ ಒಂದು ತಾಸನ್ನು ಅವನ ಕಣ್ಣಿನಿಂದಲೇ ನೋಡಬೇಕಿತ್ತು. ಉಮೇದುವಾರ ಕರ್ನಲ್ ಸಾಹೇಬರದು ಎರಡು ತಾಸು ಇಟ್ಟಿದ್ದರು: ರಣರಂಗದ್ದೊಂದು, ಆಮೇಲೆ ಮಂತ್ರಿಯಾಗಿ ಪಡೆಯನ್ನು ಮತ್ತೆ ಗಡಿ ದಾಟಿಸುವ ಆದೇಶಕ್ಕೆ ಸಹಿ ಹಾಕಿದ್ದೊಂದು. ಮತ ಹಾಕುವವರು ಒಬ್ಬೊಬ್ಬರೂ ನೋಡಬಹುದಾದದ್ದು ಒಂದೇ. ಊರವರೆಲ್ಲ ರಣರಂಗವನ್ನೇ ನೋಡಿ, ಎದೆಯುಬ್ಬಿಸಿಕೊಂಡು ಮತಗಟ್ಟೆಯಾಗಿದ್ದ ಶಾಲೆಯ ಕೋಣೆಯಿಂದ ಹೊರಬರುತ್ತಿದ್ದರು.

ಬಾಳವ್ವನ ಸರದಿ ಬಂದಾಗ ಮಾಸ್ತರು ಕೇಳದೆಯೇ ರಣರಂಗದ ಟೊಪ್ಪಿಗೆ ಎತ್ತಿಕೊಂಡರು.

"ಯವ್ವಾ, ಸಾಹೇಬ್ರು ನಿಮ್ಮ ಯಮನಪ್ಪನ್ನ ಹೆಗಲ ಮ್ಯಾಲೆ ಹೊತ್ಕೊಂಡು ಬಂದದ್ದು ಇದರಾಗ ಐತ್ರಿ. ಆಗಿನ್ನೂ ಜೀವ ಇತ್ತು. ಮಾತಾಡ್ತಾನ."

ಹಿಂದೆ ನಿಂತಿದ್ದ ಗಂಗವ್ವ, "ಪುಣ್ಯಾ ಮಾಡೀದಿ ಬಿಡವಾ, ಮಗನ ದನಿ ಕೇಳ್ತಿ" ಎಂದಳು.

ಹದಿನಾರು ವರ್ಷದಿಂದ ಆ ದನಿ ಕೇಳಿರದ ಬಾಳವ್ವ ಟೊಪ್ಪಿಗೆಯನ್ನು ಮುಟ್ಟಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಆಚೆ ಸರಿಸಿದಳು.

"ಹೊತ್ತದ್ದು ಖರೇ ಐತ್ರಿ ಮಾಸ್ತರ, ಅದಕ್ಕ ಕೈ ಮುಗೀತೀನಿ. ಆದ್ರ ಯಮನಪ್ಪನ ಮಗ ಈಗ ಗಡಿ ದಾಟಿಸಿದ ಪಲ್ಟನ್‌ನ್ಯಾಗ ಅದಾನ. ಆ ಸಹಿ ಹಾಕಿದ್ದು ತೋರಸ್ರಿ. ಹಾಕೂ ಮುಂದ ಕೈ ನಡುಗಿತ್ತೋ ಇಲ್ಲೋ, ನೋಡತೀನಿ."