ಇನ್ನೊಂದು ಕೈ

ಕಹಕಶಾನ್ ಬಟ್ಟೆಯ ಪಟ್ಟಿ ಎಳೆಯುವ ಮೊದಲೇ ಭಾನುಪ್ರಿಯಾ ಹಲ್ಲು ಕಚ್ಚಿದಳು. ಪರ್ರ್ ಎಂದಿತು. ಎಡಗೈ ಮುಗಿಯಿತು.

"ಯಾವಾಗ್ಲೂ ಶನಿವಾರ ಬರೋರು ನೀವು. ನಾಳೆ ಬಂದಿದ್ರೆ ಹೊಸ ಪಾಕ ಇರ್ತಿತ್ತು ಟೀಚರ್. ಇದು ಹೋದ ವಾರದ್ದು, ಸ್ವಲ್ಪ ಗಟ್ಟಿ," ಎಂದಳು ಕಹಕಶಾನ್, ಬಲಗೈಗೆ ಸವರುತ್ತಾ.

"ನಾಳೆ ನಮ್ ಸ್ಕೂಲ್ ಡೇ ಕಣೇ, ಅದಕ್ಕೆ ಇವತ್ತು ಅರ್ಧ ದಿನ ರಜ. ಹೊಸ ಬ್ಲೌಸಿಂದು ಗಿಡ್ಡ ತೋಳು. ಇವತ್ತೇ ಆಗ್ಬೇಕು."

ಚಿಂತಾಮಣಿಯ ಗಲ್ಲಿಯೊಂದರಲ್ಲಿದ್ದ ಆ ಪಾರ್ಲರಿಗೆ ಬೋರ್ಡಿರಲಿಲ್ಲ. ಕಹಕಶಾನಳ ಮನೆಯ ಮುಂದಿನ ಕೋಣೆ, ಒಂದು ಪ್ಲಾಸ್ಟಿಕ್ ಕುರ್ಚಿ, ಹಗ್ಗಕ್ಕೆ ನೇತುಹಾಕಿದ ಹೂವಿನ ಪರದೆ, ಅಷ್ಟೇ. ಕೂದಲು ತೆಗೆಯಲು ಅಂಗಡಿಯ ವ್ಯಾಕ್ಸ್ ಇಲ್ಲಿ ಬಳಸುತ್ತಿರಲಿಲ್ಲ. ಮನೆಯಲ್ಲಿ ಕುದಿಸಿದ ಸಕ್ಕರೆ ಪಾಕ. ಕೂದಲು ಬೇರುಸಮೇತ ಬರುತ್ತಿತ್ತು, ಚರ್ಮಕ್ಕೆ ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. ಈಗ ಗಂಡಸರೆಲ್ಲ ಶುಕ್ರವಾರದ ಜುಮ್ಮಾ ನಮಾಜಿಗೆ ಹೋಗಿದ್ದರು. ಮನೆ ನಿಶ್ಶಬ್ದವಾಗಿತ್ತು.

ಬ್ಲೌಸ್ ಹೊಲಿಸಲು ಹೋಗುತ್ತೇನೆಂದು ಹೇಳಿ ಭಾನುಪ್ರಿಯಾ ತಿಂಗಳಿಗೊಮ್ಮೆ ಇಲ್ಲಿಗೆ ಬರುತ್ತಿದ್ದಳು. ಗಂಡ ಚನ್ನಕೇಶವನ ಭಯವೇನೂ ಇರಲಿಲ್ಲ. ಅವನ ಕಣ್ಣೆಲ್ಲ ಟೊಮೆಟೊ ರೇಟಿನ ಮೇಲೆ. ಹೆಂಡತಿಯ ಕೈಯಲ್ಲಿ ಕೂದಲಿದೆಯೋ ಇಲ್ಲವೋ ಮೂರು ವರ್ಷದಿಂದ ಅವನಿಗೆ ತಿಳಿಯದು. ಹಾಗಾದರೆ ಯಾರಿಗಾಗಿ ಈ ಉರಿ? ತನಗಾಗಿ. ನುಣುಪಾದ ಕೈ ಎತ್ತಿ ಕರಿಹಲಗೆಯ ಮೇಲೆ ಬರೆಯುವಾಗ ಅವಳಿಗೆ ಖುಷಿ. ಆ ಖುಷಿಗೆ ಕಾರಣ ಹುಡುಕಿಕೊಂಡು ಅವಳು ಕೂತವಳಲ್ಲ.

ಭಯವಿದ್ದದ್ದು ಅತ್ತೆ ಅಮ್ಮಾಜಮ್ಮನವರದು. ಅವರ ಭಕ್ತಿ ಊರಿಗೆಲ್ಲ ಗೊತ್ತು. ಶುಕ್ರವಾರ ನಸುಕಿನಲ್ಲಿ ಮಡಿಯುಟ್ಟು ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ನೊಣಕ್ಕೂ ಪ್ರವೇಶವಿಲ್ಲ. ಮೂವತ್ತು ನಿಂಬೆಹಣ್ಣು ಕತ್ತರಿಸಿ, ರಸ ಹಿಂಡಿ, ಸಿಪ್ಪೆಯನ್ನು ದೇವಿಯ ದೀಪಕ್ಕೆ ಬಟ್ಟಲು ಮಾಡಬೇಕು. ಬಸ್ಸು ಹಿಡಿದು ರಾಹುಕಾಲಕ್ಕೆ ಸರಿಯಾಗಿ ಪೇಟೆಯ ಗುಡಿಯಲ್ಲಿ ದೀಪ ಹಚ್ಚಬೇಕು. ದಾರಿಯಲ್ಲಿ ಅರಳಿಕಟ್ಟೆಯ ಇರುವೆಗಳಿಗೆ ಸಕ್ಕರೆ ಹಾಕಬೇಕು. "ತಿಂಗಳಿಗೆ ಐದು ಕೆಜಿ ತಿನ್ನೋ ಇರುವೆ ಯಾವುದಮ್ಮ?" ಎಂದು ಮಗ ಒಮ್ಮೆ ಕೇಳಿ ಚೆನ್ನಾಗಿ ಉಗಿಸಿಕೊಂಡಿದ್ದ.

ಅಂಥವರಿಗೆ ಪಾರ್ಲರ್ ಎಂದರೆ ಮೈಯೆಲ್ಲ ಉರಿ. "ದೇವ್ರು ಕೊಟ್ಟಿದ್ದನ್ನ ಕಿತ್ತಾಕಿಸ್ಕೊಳಕ್ಕೆ ದುಡ್ಡು ಬೇರೆ ಕೊಡ್ತಾರಂತೆ! ಅದೇನೇನು ಕುದಿಸಿ ಹಚ್ತಾರೋ. ಕುದಿಸೋದು ಅಂದ್ರೆ ಎಲ್ರಿಗೂ ಬರೋ ವಿದ್ಯೆನಾ?" ಎನ್ನುತ್ತಿದ್ದರು. ಹೋದ ತಿಂಗಳು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಆ ಗಲ್ಲಿ ಕಡೆ ನೀನು ಕಾಲಿಟ್ಟಿದ್ದು ಗೊತ್ತಾದ್ರೆ, ಅವತ್ತೇ ಸ್ಕೂಲ್ ಬಿಟ್ಟು ಮನೇಲಿ ಕೂತ್ಕೊ ಭಾನು."

ಸ್ಕೂಲ್ ಬಿಡುವುದೆಂದರೆ ಅವಳಿಗೆ ಉಸಿರು ಬಿಟ್ಟಂತೆ. ಮೂರನೇ ತರಗತಿಯ ನಲವತ್ತು ಮಕ್ಕಳು ಅವಳನ್ನು ಹೆಸರು ಹಿಡಿದು ಭಾನು ಮಿಸ್ ಎನ್ನುತ್ತಿದ್ದರು. ಉಳಿದ ಕಡೆಯೆಲ್ಲ ಅವಳು ಚನ್ನಕೇಶವನ ಹೆಂಡತಿ.

"ಕಹಕಶಾನಾ, ಇದೀಯೇನಮ್ಮ?"

ಹೊಸಿಲಾಚೆಯ ದನಿ ಕೇಳಿ ಭಾನುಪ್ರಿಯಾ ಕುರ್ಚಿಯಿಂದ ತಟ್ಟನೆ ಎದ್ದಳು. "ನಮ್ಮತ್ತೆ ಕಣೇ!" ಎಂದು ಪಿಸುಗುಟ್ಟಿದವಳೇ ಪರದೆಯ ಹಿಂದೆ ನುಗ್ಗಿದಳು.

"ಅವ್ರಾ? ನಿಮ್ಮತ್ತೆನಾ?" ಎಂದ ಕಹಕಶಾನ್ ಬಾಯಿ ತೆರೆದುಕೊಂಡೇ ನಿಂತಳು.

ಇದು ಪಕ್ಕದ ಮನೆಯ ಆದಿಲಕ್ಷ್ಮಮ್ಮನದೇ ಕೆಲಸ. ಹೋದ ಸಲ ಗಲ್ಲಿಯ ತುದಿಯಲ್ಲಿ ಎದುರಾಗಿ ಹಲ್ಲು ಕಿರಿದಿದ್ದಳು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಮನೆ, ಹೆಸರು ಎಲ್ಲ ವಿಚಾರಿಸಿಯೇ ಅತ್ತೆಯನ್ನು ಕಳಿಸಿದ್ದಾಳೆ.

ಅತ್ತೆ ಒಳಗೆ ಬಂದರು. ಭಾರದ ಚೀಲವೊಂದು ನೆಲ ಮುಟ್ಟಿದ ಸದ್ದಾಯಿತು.

"ಯಾರಮ್ಮ ಪರದೆ ಹಿಂದೆ?"

"ಗಿ... ಗಿರಾಕಿ ಅಮ್ಮ."

"ನನ್ನ ಕಂಡು ಯಾಕೆ ಬಚ್ಚಿಟ್ಕೊಂಡ್ರು?"

ಪರದೆಯ ಹಿಂದೆ ಬಲಗೈಯ ಮೇಲಿನ ಪಾಕ ಬಿಗಿಯುತ್ತಿತ್ತು. ಸಾಲದ್ದಕ್ಕೆ ಪರದೆ ಬೇರೆ ಕೈಗೆ ಅಂಟಿಕೊಂಡಿತ್ತು. ಬ್ಲೌಸಿನ ಅಳತೆ ಕೊಡಲು ಬಂದೆ ಎನ್ನಲೇ ಎಂದುಕೊಂಡಳು ಭಾನುಪ್ರಿಯಾ. ಇನ್ನೆಷ್ಟು ವರ್ಷ ಅಳತೆ ಕೊಡುವುದು? ತನ್ನ ಮೈಯ ಕೂದಲು ತೆಗೆಸಲು ಕಳ್ಳಬೆಕ್ಕಿನ ಹಾಗೆ ಬರಬೇಕೇ? ಅವಳಿಗೆ ಅಳುವೇ ಬರಬೇಕಿತ್ತು. ಬಂದದ್ದು ಸಿಟ್ಟು. ದಡದಡನೆ ಹೊರಗೆ ಬಂದಳು. ಹಗ್ಗ ಕಿತ್ತುಕೊಂಡು ಪರದೆಯೂ ಹಿಂದೆಯೇ ಬಂತು.

"ನಾನೇ ಅತ್ತೆ. ಕೈ ನಂದು, ಕೂದಲೂ ನಂದು. ಇಟ್ಕೊಳೋದು, ತೆಗೆಸೋದು ನನ್ನಿಷ್ಟ. ನೀವು ಏನ್ ಬೇಕಾದ್ರೂ ಅನ್ನಿ. ಕೆಲಸ ಮಾತ್ರ ನಾನು ಬಿಡಲ್ಲ!"

ಅಮ್ಮಾಜಮ್ಮ ರೆಪ್ಪೆ ಮಿಟುಕಿಸದೆ ಸೊಸೆಯನ್ನು ನೋಡಿದರು. ಹತ್ತಿರ ಬಂದು ಅವಳ ಕೈಗಂಟಿದ ಪರದೆಯನ್ನು ನಾಜೂಕಾಗಿ ಬಿಡಿಸಿದರು. ಉಗುರಿನಲ್ಲಿ ಒಂದಿಷ್ಟು ಪಾಕ ಕೆರೆದು, ಎರಡು ಬೆರಳ ನಡುವೆ ಎಳೆ ಎಳೆದು, ಬೆಳಕಿಗೆ ಹಿಡಿದು ನೋಡಿ ಮುಖ ಕಿವುಚಿದರು. ಆಮೇಲೆ ಬಗ್ಗಿ ಚೀಲದಿಂದ ದೊಡ್ಡದೊಂದು ಸ್ಟೀಲ್ ಡಬ್ಬಿ ಹೊರತೆಗೆದು ಮುಚ್ಚಳ ಬಿಚ್ಚಿದರು. ಸಕ್ಕರೆ, ನಿಂಬೆಯ ಘಮ ಎದ್ದಿತು.

"ಹೋದ ವಾರ ನನ್ ಪಾಕ ಒಂದೆಳೆ ಏರಿಬಿಟ್ಟಿತ್ತು ಕಣಮ್ಮ ಕಹಕಶಾನ್, ಇವಳ ಈ ಕೈಗೆ ಇವತ್ತಿಂದು ಹಚ್ಚು," ಎಂದು ಡಬ್ಬಿ ಮುಂದಿಟ್ಟು ಸೊಸೆಯ ಕಡೆ ತಿರುಗಿದರು. "ನೀನ್ಯಾಕಮ್ಮ ಕೆಲಸ ಬಿಡ್ತೀಯ? ಆರು ವರ್ಷ ಆಯ್ತು, ನಾನು ಬಿಟ್ಟಿದೀನಾ?"