ಮೇಷ್ಟ್ರಿಗೆ ಬಂದ ಅಂಕ

"ಎಷ್ಟು ಬಂತಮ್ಮಾ ನಂಗೆ?"

ಶಾಂಭವಿ ಇನ್ನೂ ಚಪ್ಪಲಿ ಕಳಚಿರಲಿಲ್ಲ, ದೇವೀರಪ್ಪ ಮೇಷ್ಟ್ರು ಕೇಳಿಯೇಬಿಟ್ಟರು. ಐದನೇ ಕ್ಲಾಸಿನಲ್ಲಿ ಇದೇ ಮಾತನ್ನು ಕೇಳಲು ಧೈರ್ಯ ಸಾಲದೆ ಅವರ ಮೇಜಿನ ಪಕ್ಕ ಸುಮ್ಮನೆ ನಿಂತಿರುತ್ತಿದ್ದವಳು ಅವಳು. ಈಗ ಇಸ್ತ್ರಿ ಅಂಗಿ ತೊಟ್ಟು, ಕುರ್ಚಿಯ ತುದಿಯಲ್ಲಿ ಕೂತು ಅವರೇ ಕಾಯುತ್ತಿದ್ದರು. ಬೀರೂರಿನಿಂದ ಅಜ್ಜಂಪುರದವರೆಗೂ ಬಸ್ಸಿನಲ್ಲಿ ಅವಳು ಒಂದೇ ವಾಕ್ಯವನ್ನು ತಿದ್ದಿ ತಿದ್ದಿ ಇಟ್ಟುಕೊಂಡು ಬಂದಿದ್ದಳು: 'ನಿಮ್ಮ ಪಟ್ಟಿ ಈ ಸಲ ಸೇರಿಸ್ತಿಲ್ಲ ಸರ್, ಬೇಜಾರು ಮಾಡ್ಕೋಬೇಡಿ.' ಎದುರಿಗೆ ನಿಂತಾಗ ಅದರ ಮೊದಲ ಪದವೂ ಬಾಯಿಗೆ ಬರಲಿಲ್ಲ.

ಮಕ್ಕಳ ಪ್ರಬಂಧಕ್ಕೆ ಮೇಷ್ಟ್ರು ಹಾಕುವ ಅಂಕವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವುದು ಅವಳ ಪಿಎಚ್.ಡಿ. ವಿಷಯ. ನಲವತ್ತು ಮಕ್ಕಳ ಪ್ರಬಂಧಗಳನ್ನು, ಹೆಸರು ಮುಚ್ಚಿ ನಂಬರು ಹಾಕಿ, ನಾಲ್ಕು ಜನ ಮೇಷ್ಟ್ರುಗಳಿಗೆ ಕೊಟ್ಟಿದ್ದಳು. ಹತ್ತಕ್ಕೆ ಇಷ್ಟು ಎಂದು ಅವರು ಬರೆದುಕೊಟ್ಟ ಪಟ್ಟಿಯನ್ನು ವಾಪಸು ಪಡೆದು, ಒಂದು ತಿಂಗಳು ಬಿಟ್ಟು ಅವೇ ಪ್ರಬಂಧಗಳನ್ನು ಮತ್ತೆ ಕೊಟ್ಟಿದ್ದಳು. ಮೂವರ ಎರಡೂ ಪಟ್ಟಿಗಳು ಅಚ್ಚು ಹಾಕಿದಂತೆ ಹೊಂದಿಕೊಂಡವು. ದೇವೀರಪ್ಪ ಮೇಷ್ಟ್ರದ್ದು ಮಾತ್ರ ಬೇರೆ ಬೇರೆ ಇಬ್ಬರು ಕೂತು ಬರೆದ ಹಾಗಿತ್ತು. "ಆ ರಿಟೈರ್ಡ್ ಮೇಷ್ಟ್ರನ್ನ ಬಿಟ್ಬಿಡಿ. ಜೂನ್ ಒಳಗೆ ಥೀಸಿಸ್ ಕೊಟ್ಟು ಮುಗಿಸಿ" ಎಂದು ಗೈಡ್ ಹೇಳಿಯಾಗಿತ್ತು.

"ಹೇಳ್ಬಿಡೇ ತಾಯಿ," ಎಂದರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮೇಷ್ಟ್ರ ಹೆಂಡತಿ ಮಲ್ಲಿಕಾಂಬ. "ನೀನು ಬತ್ತೀಯ ಅಂತ ಬೆಳಗ್ಗೆ ತಿಂಡೀನೂ ಸೇರ್ಲಿಲ್ಲ ಇವ್ರಿಗೆ. ಎಸ್ಸೆಸ್ಸೆಲ್ಸಿ ಹುಡುಗ್ರೂ ಹಿಂಗಾಡಲ್ಲ."

"ನಲವತ್ತರಲ್ಲಿ ಒಂಬತ್ತು ಮಾತ್ರ ತಾಳೆ ಆಗಿವೆ ಸರ್."

"ಒಂಬತ್ತು." ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. "ನಲವತ್ತಕ್ಕೆ ಒಂಬತ್ತು. ಫೇಲು."

"ಇಷ್ಟಕ್ಕೆ ಕಂಪ್ಯೂಟರ್ ಬೇಕಿತ್ತೇನೇ? ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದು ಮಲ್ಲಿಕಾಂಬ ನಕ್ಕರು. "ಅದೇ ಸಾರು. ಬೆಳಗ್ಗೆ ಉಪ್ಪು ಜಾಸ್ತಿ ಆಯ್ತು ಅಂತಾರೆ, ಸಂಜೆ ಸಪ್ಪೆ ಅಂತಾರೆ."

ಮೇಷ್ಟ್ರು ನಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಡೈರಿ ತಂದು ಶಾಂಭವಿಯ ಮುಂದೆ ಬಿಚ್ಚಿಟ್ಟರು. ಅವರು ಮೊದಲ ಸಲ ಹಾಕಿದ ನಲವತ್ತು ಅಂಕಗಳೂ ಅದರಲ್ಲಿದ್ದವು, ಕೆಂಪು ಶಾಯಿಯಲ್ಲಿ, ನಂಬರಿನ ಸಮೇತ.

ಅವಳಿಗೆ ಗಾಬರಿಯಾಯಿತು. "ಸರ್, ಇದು ನಿಮ್ಮ ಹತ್ರಾನೇ ಇತ್ತಾ?"

"ಮಾರ್ಕ್ಸಿಗೆ ಒಂದು ಕಾಪಿ ಇಟ್ಕೊಳ್ಳೋದು ಅಭ್ಯಾಸ ಕಣಮ್ಮ. ಸರ್ವೀಸಿನಲ್ಲಿ ಯಾವತ್ತೂ ತಪ್ಪಿಸಿಲ್ಲ."

"ಹಂಗಾದ್ರೆ ಎರಡನೇ ಸಲ ಇದನ್ನ ತೆಗೆದು ನೋಡಿದ್ರೆ..."

"ರಾಜಶೇಖರನೂ ಅದನ್ನೇ ಅಂದ. ತರೀಕೆರೆಯಿಂದ ಫೋನ್ ಮಾಡಿದ್ದ. ನಿನ್ನ ಲಿಸ್ಟಲ್ಲಿ ಅವನೂ ಇದಾನಲ್ಲ? 'ನಾವು ಮೂರೂ ಜನ ಮೊದಲ್ನೇ ಪಟ್ಟೀನ ಮೊಬೈಲಲ್ಲಿ ಫೋಟೋ ಹೊಡ್ಕೊಂಡಿದ್ವಿ, ಈಗ ಅದನ್ನೇ ಇಳಿಸಿ ಕೊಟ್ಬಿಟ್ವಿ. ಪಾಪ, ಆ ಹುಡುಗಿ ಕೆಲ್ಸ ಸುಸೂತ್ರ ಆಗ್ಲಿ. ನೀವೂ ಹಂಗೇ ಮಾಡಿ ಮೇಷ್ಟ್ರೇ' ಅಂದ. ಒಳ್ಳೇ ಮನಸ್ಸಿಂದ್ಲೇ ಅಂದ, ಅವನ್ನ ಬೈಬೇಡ." ಡೈರಿಯ ಮೇಲೆ ಕೈಯಿಟ್ಟು ಹೇಳಿದರು, "ನೀನು ಓದಿ ಅಂತ ಕೊಟ್ಟಿದ್ದೆ. ನಾನು ಓದ್ದೆ."

ಗೈಡ್ ಮೆಚ್ಚಿಕೊಂಡಿದ್ದ ಮೂವರ ಪಟ್ಟಿಗಳೂ ಹೋದವು. ಇನ್ನು ಹೊಸ ಮೇಷ್ಟ್ರುಗಳನ್ನು ಹುಡುಕಬೇಕು, ಮತ್ತೆ ಕೊಡಬೇಕು, ಮತ್ತೆ ತಿಂಗಳು ಕಾಯಬೇಕು. ಜೂನ್ ಹೋಯಿತು, ಬಹುಶಃ ಮುಂದಿನ ಜೂನೂ. ಗೈಡ್ ಮುಂದೆಯೂ ಇದನ್ನೆಲ್ಲ ಹೇಳಬೇಕು. ಆದರೂ ಶಾಂಭವಿ ಬ್ಯಾಗಿನಿಂದ ಫೈಲು ತೆಗೆದು, ಮೇಷ್ಟ್ರ ಹೆಸರನ್ನು ಬಿಟ್ಟು ಉಳಿದ ಮೂರು ಹೆಸರುಗಳ ಮೇಲೆ ಒಂದೊಂದಾಗಿ ಗೆರೆ ಎಳೆದಳು.

"ನನ್ನ ಹತ್ರ ಇರೋ ನಿಜವಾದ ಪಟ್ಟಿ ನಿಮ್ಮದೊಂದೇ ಸರ್. ಇದನ್ನ ಇಟ್ಕೊಂಡು ಉಳಿದದ್ದನ್ನ ಮತ್ತೆ ಶುರು ಮಾಡ್ತೀನಿ."

"ಫೇಲಾದೋನ್ನ ಇಟ್ಕೊಂಡು ಏನ್ಮಾಡ್ತೀಯೇ?"

"ಫೇಲಾಗಿಲ್ಲ ಸರ್. ನಿಜವಾಗ್ಲೂ ಓದಿ ಹಾಕಿದ್ರೆ ಯಾರದ್ದಾದ್ರೂ ಹಿಂಗೇ ಹೆಚ್ಚುಕಮ್ಮಿ ಆಗುತ್ತೆ. ಎಷ್ಟು ಆಗುತ್ತೆ ಅಂತ ತಿಳ್ಕೊಳ್ಳೋಕೇ ನಾನು ಇಷ್ಟು ವರ್ಷದಿಂದ ಒದ್ದಾಡ್ತಿರೋದು."

ಸಮಾಧಾನಕ್ಕೆಂದು ಅವಳು ಹೇಳಿದ ಮಾತಲ್ಲ ಅದು, ನಿಜವೇ. ಮೇಷ್ಟ್ರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಅವಳ ಫೈಲಿನಲ್ಲಿದ್ದ ತಮ್ಮ ಎರಡನೇ ಪಟ್ಟಿಯನ್ನು ಡೈರಿಯ ಪಕ್ಕಕ್ಕೆ ಎಳೆದುಕೊಂಡು ಬೆರಳಿಟ್ಟು ಇಳಿಯುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು.

"ಹದಿನೇಳನೇ ನಂಬರು. ಮೊದಲ್ನೇ ಸಲ ಮೂರು ಹಾಕಿದೀನಿ. ಎರಡನೇ ಸಲ ಎಂಟು. ಮಗು ಅದೇ, ಬರೆದದ್ದೂ ಅದೇ. ಇದ್ರಲ್ಲಿ ಸರಿ ಯಾವುದಮ್ಮ?"

"ಅದು ಯಾರಿಗೂ ಗೊತ್ತಾಗಲ್ಲ ಸರ್. ಮತ್ತೆ ಮತ್ತೆ ಓದಿದಷ್ಟೂ ಸರಿಯಾದ್ದಕ್ಕೆ ಹತ್ತಿರ ಹೋಗ್ಬೋದು, ಅಷ್ಟೇ."

ಮಲ್ಲಿಕಾಂಬ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದರು. ಮೇಷ್ಟ್ರು ಬೆರಳು ಎತ್ತಲಿಲ್ಲ.

"ಮೂವತ್ನಾಲ್ಕು ವರ್ಷ ಸರ್ವೀಸು," ಎಂದರು. "ಎಲ್ಲಾರದ್ದೂ ಒಂದೊಂದೇ ಸಲ ಓದಿದ್ದೆ ಕಣಮ್ಮ."