ಹಬ್ಬದ ಹಾಲುಗಂಜಿ

"ಏಳೇ, ಮನೆಗೆ ನಡಿ!" ಎಂದು ಒಡೆಯ ಫೈಡಿಮೋಸ್ ಹಲ್ಲು ಕಡಿದ. ಥೀಸಿಯಸ್ಸನ ಬಲಿಪೀಠವನ್ನು ಅಪ್ಪಿ ಕುಳಿತಿದ್ದ ಮಾನಿಯಾ ಏಳಲಿಲ್ಲ. ಒಡೆಯನ ಕಾಟ ತಾಳದ ಗುಲಾಮ ಆಳು ಈ ಗುಡಿಗೆ ಓಡಿಬಂದರೆ ಯಾರೂ ಎಳೆದೊಯ್ಯುವಂತಿಲ್ಲ. ದೂರು ನಿಜವೆಂದು ಪೂಜಾರಿಗೆ ಅನ್ನಿಸಿದರೆ ಬೇರೆ ಮನೆಗೆ ಮಾರಬೇಕು. ಸುಳ್ಳೆನ್ನಿಸಿದರೆ ಮತ್ತೆ ಅದೇ ಒಡೆಯ, ಅದೇ ಒಲೆ.

ಅವಳು ಪೂಜಾರಿಯ ಮುಂದೆ ಮಣಿಕಟ್ಟು ಚಾಚಿದಳು. ಎಳೆಚಂದ್ರನಂಥ ಹಸಿ ಬೊಕ್ಕೆ. "ಗಂಜಿ ತಳ ಹಿಡೀತು ಅಂತ ಸೌಟು ಕಾಯಿಸಿ ಇಟ್ರು, ಪೂಜಾರಪ್ಪ."

"ಸುಳ್ಳಿ! ಒಲೆ ಮುಂದೆ ತೂಕಡಿಸಿ ತಾನೇ ಸುಟ್ಕೊಂಡಿದ್ದು. ಅಲ್ರೀ, ಹಬ್ಬಕ್ಕೆ ಥೀಸೇಯ ಅಂತೀರಿ, ಗುಡಿಗೆ ಥೀಸೇಯೋನ್ ಅಂತೀರಿ, ಊರಿಗೂರೇ ಥೀಸೀಡರು, ಥೀಸಿಯಸ್ಸನ ಮಕ್ಕಳು ಅಂತ ಎದೆ ಉಬ್ಬಿಸ್ತೀರಿ. ಯಾರ ಹೆಸರದು? ನಮ್ಮ ವಂಶದ ಅಜ್ಜಂದು! ಅಜ್ಜನ ಮನೇಲಿ ನನ್ನ ಮೇಲೇ ದೂರಾ?"

ಮಾನಿಯಾಳಿಗೆ ನಗು ಬಂತು. ಆ ಅಜ್ಜ ಗೂಳಿಮೋರೆಯ ರಾಕ್ಷಸನನ್ನು ಕೊಂದು ಮಕ್ಕಳನ್ನು ಉಳಿಸಿದ ಕಥೆಯನ್ನು ಇವನ ಮಕ್ಕಳಿಗೆ ಹೇಳಿ ಮಲಗಿಸುತ್ತಿದ್ದವಳು ಅವಳೇ. ಮೊಮ್ಮಗನ ಪರಾಕ್ರಮವೆಲ್ಲ ಅಡುಗೆಮನೆಯಲ್ಲಿ.

"ಇರ್ಲಿ ಬಿಡಿ. ಹೊಟ್ಟೆ ಚುರುಗುಟ್ಟಿದ್ರೆ ನಾಯಿ ಹಾಗೆ ತಾನೇ ಬರ್ತಾಳೆ," ಎಂದು ಫೈಡಿಮೋಸ್ ಹೂಮಾಲೆ ಸರಿಮಾಡಿಕೊಂಡ.

"ಹೊಟ್ಟೆ ಯಾಕೆ ಚುರುಗುಟ್ಟತ್ತೆ? ಇವತ್ತಿನ ಗಂಜಿ ಸೇವೆ ನಿಮ್ಮದೇ ತಾನೆ?" ಎಂದ ಪೂಜಾರಿ. "ಗುಡಿಯೊಳಗೆ ಕೂತೋರಿಗೆಲ್ಲ ಸೇವೆ ಹೊತ್ತೋರೇ ಕೈಯಾರೆ ಬಡಿಸ್ಬೇಕು."

ಊರೆಲ್ಲ ನೋಡಲೆಂದು ಫೈಡಿಮೋಸನೇ ಹಟ ಹಿಡಿದು ಪಡೆದ ಸೇವೆ. ಮನೆಯ ಹಂಡೆ, ಮನೆಯ ಕಂಚಿನ ಸೌಟು ಬಂದವು. ಬಡವರ ಸಾಲು ಹೊಸ್ತಿಲವರೆಗೂ ಬೆಳೆದಿತ್ತು. ಮೊದಲು ಕುಳಿತವಳು ಮಾನಿಯಾ. ಫೈಡಿಮೋಸ್ ಬೇವು ಕಡಿದವನಂತೆ ಮುಖ ಮಾಡಿ ಸೌಟು ಅದ್ದಿದ. ಅವಳು ಬಟ್ಟಲು ಎತ್ತಿದಳು. ಸೌಟಿನ ಅಂಚು, ಮಣಿಕಟ್ಟಿನ ಬೊಕ್ಕೆ, ಎರಡೂ ಒಂದರ ಪಕ್ಕ ಒಂದು ಬಂದು ನಿಂತವು. ಒಂದೇ ಬಾಗು, ಒಂದೇ ಅಳತೆ. ಪೂಜಾರಿ ಅದನ್ನು ನೋಡಿದ. ನೋಡಿದ್ದನ್ನು ಫೈಡಿಮೋಸನೂ ನೋಡಿದ. ಗಬಕ್ಕನೆ ಗಂಜಿ ಸುರಿದು ಸೌಟನ್ನು ಹಂಡೆಯೊಳಗೆ ಮುಳುಗಿಸಿದ.

ಮಾನಿಯಾ ನಿಧಾನವಾಗಿ ಒಂದು ಗುಟುಕು ಕುಡಿದಳು. ತುಟಿ ಒರೆಸಿಕೊಂಡಳು. ಸಾಲಿನ ಕೊನೆಯವನಿಗೂ ಕೇಳುವಂತೆ ಹೇಳಿದಳು:

"ತಳ ಹಿಡಿದಿದೆ, ಧಣಿ. ಸೌಟು ಕಾಯಿಸ್ಲಾ?"